ಕಾರಣ ಹೇಳುತ್ತಿದ್ದ ಕಾವಲುಗಾರ್ತಿ

ಒಂದು ಕಾಡಿನಲ್ಲಿ ಮರದ ಮೇಲೆ ಕೂತು ಮೊಲದ ಬಿಲ ಕಾಯುವ ಕೆಲಸ ಗೊರವಂಕ ಹಕ್ಕಿ ತುಂಗಕ್ಕನದಾಗಿತ್ತು. ತಾಯಿಮೊಲ ಬೆಳ್ಳವ್ವ ಮೇಯಲು ಹೋದರೆ ಒಳಗೆ ಮೂರು ಎಳೆಯ ಮರಿಗಳು ಮಾತ್ರ. ಬಂದವರು ನೆಂಟರೋ ಅಲ್ಲವೋ ಎಂದು ತಿಳಿಯಲು ಅವರು ನೆಲ ಕುಟ್ಟಬೇಕೆಂಬ ಕಟ್ಟಳೆ ಇತ್ತು. ತುಂಗಕ್ಕ ಬಲು ನಿಯತ್ತಿನವಳು. ಆದರೆ ಕಾರಣ ಹೇಳದೆ ಯಾರನ್ನೂ ವಾಪಸು ಕಳಿಸುವುದು ಮರ್ಯಾದೆಯಲ್ಲ ಎಂದು ನಂಬಿದ್ದಳು, ಪಾಪ.

ಒಂದು ಬೆಳಿಗ್ಗೆ ನರಿ ಪೊದೆಯ ಮರೆಯಲ್ಲಿ ನಿಂತು ಎರಡು ಸಲ ನೆಲ ಕುಟ್ಟಿದ.

“ನಾನು ಮರಿಗಳ ಸೋದರಮಾವ. ಒಳಗೆ ಬಿಡಿ.”

“ಆಗಲ್ಲಪ್ಪ. ಮೂರು ಸಲ ಕುಟ್ಟಬೇಕು, ನೀವು ಎರಡೇ ಸಲ ಕುಟ್ಟಿದ್ರಿ,” ಎಂದಳು ತುಂಗಕ್ಕ.

ಮರುದಿನ ನರಿ ಮೂರು ಸಲ ಕುಟ್ಟಿದ.

“ಎಣಿಕೆ ಸರಿ. ಆದ್ರೆ ಸದ್ದು ಮೆತ್ತಗಾಯ್ತು. ಮೊಲಗಳು ಹಿಂಗಾಲಲ್ಲಿ ಕುಟ್ಟೋದು, ನೀವು ಮುಂಗಾಲಲ್ಲಿ ಕುಟ್ಟಿದ್ರಿ.”

ಮೂರನೆಯ ದಿನ ನರಿ ಹಿಂಗಾಲಲ್ಲೇ ಧಬಧಬ ಕುಟ್ಟಿದ.

“ಭೇಷ್! ಆದ್ರೂ ಆಗಲ್ಲ ನೋಡಿ. ಮುಂಬಾಗಿಲಿಗೆ ಕಲ್ಲು ಇಟ್ಟಿದೆ, ಬೆಳ್ಳವ್ವನೇ ಬಂದು ತೆಗೀಬೇಕು. ಕವಳಿ ಪೊದೆ ಕೆಳಗಿನ ಹಿಂಬಾಗಿಲಿಗೆ ಬರೀ ತರಗೆಲೆ ಮುಚ್ಚಿದೆ. ಅದನ್ನ ಮಾತ್ರ ಹೊರಗಿನವರಿಗೆ ಹೇಳಬಾರದು.”

“ಹೇಳಲೇಬೇಡಿ ತಾಯಿ!” ಎಂದ ನರಿ. ಔತಣದ ಊಟ, ಮಿಂದು ಬಂದು ಉಣ್ಣೋಣ ಎಂದು ಹೊಳೆಗೆ ಓಡಿದ.

ಅಷ್ಟರಲ್ಲಿ ಬೆಳ್ಳವ್ವ ಬಂದಳು. ತುಂಗಕ್ಕ ತನ್ನ ಮರ್ಯಾದೆಯ ಸಂಗತಿಯನ್ನೆಲ್ಲ ಹೆಮ್ಮೆಯಿಂದ ಒದರಿದಳು. ಬೆಳ್ಳವ್ವ ಹಣೆ ಚಚ್ಚಿಕೊಂಡಳು.

“ಅಯ್ಯೋ ಪುಣ್ಯಾತ್ಗಿತ್ತಿ! ನನ್ನ ಮಕ್ಕಳನ್ನ ಎಲೆ ಹಾಕಿ ಬಡಿಸಿಬಿಟ್ಟೆಯಲ್ಲೇ!”

ಬಂದವನು ನೆಂಟನಲ್ಲ, ಕಳ್ಳ ಎಂದು ತುಂಗಕ್ಕನಿಗೆ ಆಗ ತಿಳಿಯಿತು. ನಾಚಿಕೆಯಿಂದ ಕೊಕ್ಕು ಎತ್ತಲಾಗಲಿಲ್ಲ. ಬೆಳ್ಳವ್ವ ಮರಿಗಳನ್ನು ಬೇರೆ ಬಿಲಕ್ಕೆ ಸಾಗಿಸಿದಳು. ನೆರೆಮನೆಯ ಮುಳ್ಳುಹಂದಿ ಗಿಡ್ಡಪ್ಪನನ್ನು ಕರೆದು, ಹಿಂಬಾಗಿಲಿಗೆ ಬೆನ್ನು ಮಾಡಿಸಿ ಒಳಗೆ ಮಲಗಿಸಿದಳು.

ಮಿಂದು ಮಡಿಯಾದ ನರಿ ತರಗೆಲೆ ಸರಿಸಿ, ಬಾಯಿ ಅಗಲಿಸಿ ಮೂತಿ ತೂರಿಸಿದ. ಮರುಕ್ಷಣವೇ ಕಾಡೆಲ್ಲ ಕೇಳುವಂತೆ ಅರಚುತ್ತ ಹೊರಗೆ ಬಿದ್ದ. ಮೂತಿಯ ತುಂಬ ಮುಳ್ಳು!

“ತಾಯೀ, ಒಳಗಿರೋದು ಯಾರು?” ಎಂದು ಮರದ ಕೆಳಗೆ ಬಂದು ಗೋಳಾಡಿದ.

ಗಿಡ್ಡಪ್ಪನ ಹೆಸರು, ಅವನ ಮನೆತನ, ಮುಳ್ಳು ಕೀಳುವ ಉಪಾಯ, ಎಲ್ಲವೂ ತುಂಗಕ್ಕನ ಕೊಕ್ಕಿನ ತುದಿಗೆ ಬಂದವು. ಕಷ್ಟಪಟ್ಟು ನುಂಗಿಕೊಂಡಳು.

“ಆಗಲ್ಲಪ್ಪ.”

“ಯಾಕೆ?”

“ಆಗಲ್ಲ.”

ನೀತಿ: ಬೇಡದವರನ್ನು ತಡೆಯಲು ‘ಆಗದು’ ಎಂದರೆ ಸಾಕು, ಏಕೆ ಆಗದೆಂದು ಬಿಡಿಸಿ ಹೇಳಿದರೆ ಕಳ್ಳನಿಗೆ ನಾವೇ ದಾರಿ ತೋರಿಸಿದಂತೆ.