ಅಕ್ಕನ ಹಸಿರು ಸೀರೆ

"ಗುರುಗಳೇ, ಬೇರೆ ಕೆಲಸಗಳೆಲ್ಲ ಹೇಗೋ ಆಗಿಬಿಡುತ್ತವೆ. ಒಂದೊಂದು ಮಾತ್ರ ನಾಳೆ ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅಕ್ಕನ ಓಲೆ ಬಂದು ಐದು ತಿಂಗಳಾಯಿತು. ಹೇಗಿದ್ದೀಯೋ, ಒಂದು ಸಾಲು ಬರೆ ಎಂದು ಕೇಳಿದ್ದಾಳೆ. ಇನ್ನೂ ಬರೆದಿಲ್ಲ. ಇದಕ್ಕೇನು ಉಪಾಯ?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಅಂದು ಬಹಳ ದಣಿವಾಗಿತ್ತು. ಮೊಣಕಾಲು ನೀವಿಕೊಳ್ಳುತ್ತಾ, "ಉಪಾಯವಂತೆ! ನನ್ನ ಹತ್ತಿರ ಇದ್ದಿದ್ದರೆ ಮೊದಲು ನಾನೇ ಬಳಸಿಕೊಳ್ಳುತ್ತಿರಲಿಲ್ಲವೇ? ಕೂತುಕೋ, ಒಬ್ಬ ನೇಕಾರನ ಸಂಗತಿ ಹೇಳುತ್ತೇನೆ" ಎಂದರು.

ಒಬ್ಬ ನೇಕಾರನಿದ್ದ. ಅವನಿಗೆ ತಾಯಿ ತಂದೆ ಇರಲಿಲ್ಲ. ಎತ್ತಿ ಆಡಿಸಿ ಸಾಕಿದವಳು ಅಕ್ಕ. ಆ ಅಕ್ಕ ಮದುವೆಯಾದ ಹನ್ನೆರಡು ವರ್ಷಕ್ಕೆ ಬಸುರಾದಳು. "ಏಳನೆಯ ತಿಂಗಳಲ್ಲಿ ಸೀಮಂತ. ನೀನು ನೇಯ್ದ ಹಸಿರು ಸೀರೆ ಉಟ್ಟು ಕೂರಬೇಕೆಂದು ಆಸೆ ಕಣೋ. ತವರು ಎಂದರೆ ನನಗೆ ನೀನೊಬ್ಬನೇ" ಎಂದು ಹೇಳಿಕಳುಹಿಸಿದಳು. ನಾಲ್ಕು ತಿಂಗಳು ಸಮಯವಿತ್ತು. ಸೀರೆಗೆ ಹದಿನೈದು ದಿನ ಸಾಕು.

ನೇಕಾರರಲ್ಲಿ ಒಂದು ಪದ್ಧತಿ ಉಂಟು. ಸೀರೆ ಮುಗಿದಾಗ ಮಗ್ಗದಲ್ಲಿರುವ ಎಳೆಗಳನ್ನು ಪೂರ್ತಿ ತೆಗೆಯುವುದಿಲ್ಲ. ಒಂದು ಗೇಣು ಉಳಿಸಿ, ಅವುಗಳ ತುದಿಗೆ ಹೊಸ ನೂಲನ್ನು ಹೊಸೆಯುತ್ತಾರೆ. ಎಳೆದರೆ ಹೊಸತು ತಾನಾಗಿಯೇ ತನ್ನ ಜಾಗಕ್ಕೆ ಬರುತ್ತದೆ. ಇವನೋ, ಯಾರದೋ ಸೀರೆಯ ಹಳೆಯ ಎಳೆ ಅಕ್ಕನ ಸೀರೆಗೆ ತಾಗಬಾರದು ಎಂದು ಎಲ್ಲವನ್ನೂ ಕಿತ್ತು ಮಗ್ಗ ಬರಿದು ಮಾಡಿದ. ಈಗ ಮೂರು ಸಾವಿರ ಎಳೆಗಳನ್ನು ಒಂದೊಂದಾಗಿ ಮಗ್ಗದ ಕಣ್ಣುಗಳಲ್ಲಿ ಪೋಣಿಸಬೇಕು. ಪ್ರೀತಿಯಿಂದಲೇ ಮಾಡಿದ್ದು, ಏನು ಹೇಳೋಣ!

ಆ ಬರಿಯ ಮಗ್ಗ ಕಂಡರೇ ಅವನಿಗೆ ಸುಸ್ತು. ಇಡೀ ದಿನ ಬಿಡುವಾಗಲಿ, ಕೂರುತ್ತೇನೆ ಎಂದ. ಹೊಟ್ಟೆಪಾಡಿಗೆ ನೆರೆಯವನ ಮಗ್ಗದಲ್ಲಿ ನೇಯುತ್ತಿದ್ದ. ಬಿಡುವಾದ ದಿನ ತನ್ನ ಮಗ್ಗದಡಿ ಕಾಲು ಇಳಿಬಿಟ್ಟು ಕೂರುವ ಗುಂಡಿ ಗುಡಿಸಿದ. ಇನ್ನೊಂದು ದಿನ ಲಾಳಿಗೆ ಎಣ್ಣೆ ಸವರಿದ. ಹೀಗೇ ಮೂರು ತಿಂಗಳು ಕಳೆಯಿತು.

ನೆರೆಯವನು ಮುದುಕ. ಇವನ ಪಾಡು ನೋಡಲಾರದೆ, "ಒಂದೇ ಒಂದು ಎಳೆ ಪೋಣಿಸಿ ಎದ್ದುಬಿಡು ಮಾರಾಯ" ಎಂದ.

"ಮೂರು ಸಾವಿರದಲ್ಲಿ ಒಂದೇ?" ಎಂದು ಇವನು ನಕ್ಕ. ಆದರೂ ಒಂದು ಪೋಣಿಸಿದ. ಏಳಲು ಮನಸ್ಸಾಗಲಿಲ್ಲ, ನೂರಾಯಿತು. ಮರುದಿನ ಇನ್ನೂರು. ಅದರ ಮರುದಿನ ಏನೂ ಇಲ್ಲ. ಮತ್ತೆ ಒಂದರಿಂದ ಶುರು. ಅಂತೂ ಮಗ್ಗ ತುಂಬಿತು, ನೇಯಲು ಕುಳಿತ.

ಸೀಮಂತದ ದಿನ ಬಂದಾಗ ಸೀರೆ ಅರ್ಧವಾಗಿತ್ತು. ಮುದುಕ ಹೋಗಿ ಬಾ ಎಂದರೆ ಇವನು ಒಪ್ಪಲಿಲ್ಲ. ಅರ್ಧ ಸೀರೆ ಬಿಟ್ಟು ಯಾವ ಮುಖ ಹೊತ್ತುಕೊಂಡು ಹೋಗಲಿ, ಮುಗಿಸಿಯೇ ಹೋಗುತ್ತೇನೆ ಎಂದ. ಮುಗಿಸಿದ. ಸೀರೆ ಬಹಳ ಚೆನ್ನಾಗಿ ಬಂದಿತ್ತು. ಆದರೆ ಸೀಮಂತಕ್ಕೆ ಹೋಗಲಿಲ್ಲವೆಂಬ ನಾಚಿಕೆಯಲ್ಲಿ ಇನ್ನೂ ತಿಂಗಳುಗಳೇ ಹೋದವು. ಅವನು ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಮಗುವಿಗೆ ಹೆಸರಿಟ್ಟಾಗಿತ್ತು.

ಅಕ್ಕ ಸೀರೆಯನ್ನು ಬಿಚ್ಚಿಯೂ ನೋಡಲಿಲ್ಲ. "ಅವತ್ತು ಅತ್ತೆಯ ಸೀರೆ ಉಟ್ಟು ಬಾಗಿಲನ್ನೇ ನೋಡುತ್ತಾ ಕೂತಿದ್ದೆ ಕಣೋ. ತಮ್ಮ ಬರುತ್ತಾನೆ ತಡೆಯಿರಿ ಎಂದು ಆರತಿ ಎತ್ತಲೂ ಬಿಡಲಿಲ್ಲ. ಬರಿಗೈಯಲ್ಲಿ ಬಂದಿದ್ದರೆ ಆಗುತ್ತಿರಲಿಲ್ಲವೇ?" ಎಂದು ಅತ್ತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಣ್ಣೊರೆಸಿಕೊಂಡ. "ಅರ್ಥವಾಯಿತು ಗುರುಗಳೇ. ನಾಳೆ ಬೆಳಿಗ್ಗೆಯೇ ಸ್ನಾನ ಮಾಡಿ, ಒಳ್ಳೆಯ ಕಾಗದ ತಂದು, ಐದು ತಿಂಗಳಿನದೆಲ್ಲ ವಿವರವಾಗಿ ಅಕ್ಕನಿಗೆ ಬರೆಯುತ್ತೇನೆ" ಎಂದ.

ಗುರುಗಳು ನಿಟ್ಟುಸಿರು ಬಿಟ್ಟು, ಕೈಯೂರಿ ಮೇಲೆದ್ದರು.

"ಸರಿಯಪ್ಪಾ, ನೀನೂ ಮಗ್ಗದ ಗುಂಡಿ ಗುಡಿಸಲು ಹೊರಟೆ."