ಚಕ್ಕೋತದ ಬುಡದ ಕಟ್ಟೆ

“ಚೆನ್ನಾಗಿ ಕಾಯಿ ಬಿಡುತ್ತಿದ್ದ ಚಕ್ಕೋತದ ಮರ. ಒಂದು ಬೆಳಿಗ್ಗೆ ನೋಡಿದರೆ ಬೊಡ್ಡೆಯಿಂದ ಕಪ್ಪಗೆ ಅಂಟು ಸೋರುತ್ತಿದೆ. ಏನಾಗಿರಬೇಕು, ಊಹಿಸು ನೋಡೋಣ” ಎಂದರು ಗುರುಗಳು.

ಶಿಷ್ಯ ಕೇಳಿದ್ದು ಮರದ ವಿಷಯವನ್ನಲ್ಲ. ಮುನಿಸಿಕೊಂಡು ದೂರವಾದ ಗೆಳೆಯನೊಬ್ಬನ ನೆನಪು ತನ್ನನ್ನು ಬಿಡುತ್ತಿಲ್ಲ, ಅವನು ಬರುವ ತನಕ ಹೀಗೆ ಹಂಬಲಿಸುತ್ತ ಕಾದಿರುವುದೂ ಪ್ರೀತಿಯೇ ಅಲ್ಲವೇ ಎಂದು ಕೇಳಿದ್ದ. ಆದರೂ ಗುರುಗಳ ಮಾತಿಗೆ, “ಹುಳು ಬಿದ್ದಿರಬೇಕು” ಎಂದ.

“ಎಲ್ಲರೂ ಹಾಗೇ ಅನ್ನುತ್ತಾರೆ. ಕೇಳು.”

ಒಬ್ಬ ವ್ಯಾಪಾರಿ ಇದ್ದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಹೊಸ ಮನೆಯ ಗೃಹಪ್ರವೇಶಕ್ಕೆ ಅವನು ಊರವರನ್ನೆಲ್ಲ ಖುದ್ದಾಗಿ ಕರೆದ. ಅಕ್ಕ ಹೇಗೂ ನಮ್ಮವಳೇ ತಾನೆ ಎಂದು ಅವಳಿಗೆ ಮಾತ್ರ ಅಂಗಡಿಯ ಆಳಿನ ಕೈಲಿ ಹೇಳಿ ಕಳಿಸಿದ. ಮದುವೆಯಾಗಿ ಹೋದ ಹೆಣ್ಣುಮಗಳನ್ನು ಗಂಡ ಹೆಂಡತಿ ಇಬ್ಬರೂ ಹೋಗಿ, ಕುಂಕುಮವಿಟ್ಟು ಕರೆಯಬೇಕು. ಅದು ಗೊತ್ತಿಲ್ಲದವನೇನಲ್ಲ; ಅವಸರ. ಅಕ್ಕ ಬರಲಿಲ್ಲ. ಆಮೇಲೂ ಬರಲಿಲ್ಲ.

ಅಕ್ಕನಿಗೆ ಚಕ್ಕೋತವೆಂದರೆ ಪ್ರಾಣ. ಬಂದಾಗ ನೆರಳಲ್ಲಿ ಕೂರಲಿ ಎಂದು ಅವನು ಹಿತ್ತಿಲ ಮರದ ಸುತ್ತ ಕಲ್ಲಿನ ಕಟ್ಟೆ ಕಟ್ಟಿಸಿದ. ಬೊಡ್ಡೆಗೆ ಒತ್ತಿ ಮಣ್ಣು ತುಂಬಿಸಿದ, ಮೇಲೆ ಸಗಣಿ ಸಾರಿಸಿದ. ಸಂಜೆ ಅಂಗಡಿಯಿಂದ ಬಂದು ಅಲ್ಲಿ ಕೂರುತ್ತಿದ್ದ. ಗಾಡಿಯ ಸದ್ದಾದರೆ ಎದ್ದು ನಿಲ್ಲುತ್ತಿದ್ದ. ಹಣ್ಣು ಕೊಯ್ಯುವಾಗ ದೊಡ್ಡದೊಂದನ್ನು ಕೊಂಬೆಯಲ್ಲೇ ಬಿಡುತ್ತಿದ್ದ. ಅದು ತಾನಾಗಿ ಉದುರುತ್ತಿತ್ತು.

ಅಂಟು ಸೋರಿದ್ದು ಆಮೇಲೆ. ದೃಷ್ಟಿ ತಾಕಿದೆ ಎಂದು ನಿಂಬೆಹಣ್ಣು ಕಟ್ಟಿದ. ನಿಲ್ಲಲಿಲ್ಲ. ಸೋರುವಲ್ಲಿ ಡಾಂಬರು ಬಳಿದ. ಹಾಗೆ ಬಳಿಯುವವರು ಈಗಲೂ ಇದ್ದಾರೆ, ಅದಿರಲಿ. ಅಂಟು ಪಕ್ಕದಲ್ಲಿ ತೊಗಟೆ ಸೀಳಿಕೊಂಡು ಬಂತು. ಎಲೆ ಹಳದಿಯಾಯಿತು. ಅಕ್ಕ ಬರುವಷ್ಟರಲ್ಲಿ ಮರವೇ ಹೋಗುತ್ತದೆಯೇನೋ ಎಂದು ಅವನಿಗೆ ಊಟ ಸೇರದಾಯಿತು.

ಪಕ್ಕದ ಮನೆಯ ರೈತ ಬಂದ. ತೊಗಟೆಯನ್ನು ಹೆಬ್ಬೆರಳಿನಿಂದ ಒತ್ತಿದ, ಒಳಕ್ಕೆ ಕುಸಿಯಿತು. ಕುಡುಗೋಲಿನ ತುದಿಯಿಂದ ಕೆರೆದ. ಒಳಗೆಲ್ಲ ಕಂದು, ಹುಳಿ ವಾಸನೆ.

“ಹುಳುವೂ ಇಲ್ಲ, ದೃಷ್ಟಿಯೂ ಇಲ್ಲ. ಮರವನ್ನು ಕುತ್ತಿಗೆ ತನಕ ಹೂತಿದ್ದೀಯಲ್ಲೋ ಮಾರಾಯ! ಒಳಗೆ ತೇವ ನಿಂತು ತೊಗಟೆ ಕೊಳೆತಿದೆ. ಕಟ್ಟೆ ಒಡಿ, ಮಣ್ಣು ತೆಗಿ. ಕೊಳೆತದ್ದನ್ನು ಹಸಿರು ಕಾಣೋವರೆಗೂ ಹೆರೆದು, ಮೈಲುತುತ್ತ ಸುಣ್ಣ ಕಲಸಿ ಬಳಿ. ಬುಡಕ್ಕೆ ಗಾಳಿ ಆಡಲಿ.”

“ಕಟ್ಟೆ ಒಡೆದರೆ ಅಕ್ಕ ಬಂದು ಎಲ್ಲಿ ಕೂರ್ತಾಳೆ?”

“ಬಾ ಅಂತ ಕರೆದಿದ್ದೀಯಾ?”

“ನನ್ನ ಮನಸ್ಸು ಅವಳಿಗೆ ಗೊತ್ತು.”

“ಹೌದೌದು. ನೀನು ಪ್ರೀತಿಯಿಂದ ಮಣ್ಣು ಹಾಕ್ತಿದ್ದೀಯ ಅಂತ ಈ ಮರಕ್ಕೂ ಗೊತ್ತಿತ್ತು.”

ವ್ಯಾಪಾರಿ ಮರುದಿನ ಅಂಗಡಿ ತೆರೆಯಲಿಲ್ಲ. ಬೆಳಿಗ್ಗೆಯೇ ಹಾರೆ ಹಿಡಿದು ಕಟ್ಟೆ ಕಿತ್ತ, ಮಣ್ಣು ಎಳೆದ, ತೊಗಟೆ ಹೆರೆದು ಮದ್ದು ಬಳಿದ. ಕೈ ತೊಳೆದು ಬಂದ. ಕೂರಲು ಜಾಗವಿರಲಿಲ್ಲ. ಮರದ ಸುತ್ತ ಸ್ವಲ್ಪ ಹೊತ್ತು ಅಲೆದಾಡಿದ. ಆಮೇಲೆ ಹೆಂಡತಿಯನ್ನು ಕೂಗಿದ: “ಲೇ, ಕುಂಕುಮದ ಭರಣಿ ಎಲ್ಲಿ?”

“ನೀವು ಕೇಳ್ತೀರಿ ಅಂತ ಕಾದು ಕಾದು ನನ್ನ ತಲೆ ನರೆಯಿತು. ನಡೀರಿ” ಎಂದಳು ಅವಳು.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಅಕ್ಕ ಏನೆಂದಳು?”

“‘ಮುಂಡೇದೇ, ಈಗ ದಾರಿ ಕಾಣ್ತಾ’ ಎಂದಳು. ಅಷ್ಟೇ. ಆಮೇಲೆ ಇಬ್ಬರಿಗೂ ಊಟಕ್ಕೆ ಎಲೆ ಹಾಕಿದಳು.”

ಶಿಷ್ಯ ಕಣ್ಣೊರೆಸಿಕೊಂಡ. “ನಾನೂ ಗೆಳೆಯನ ಮನೆಗೆ ಹೋಗುತ್ತೇನೆ ಗುರುಗಳೇ. ಒಳ್ಳೆಯದೊಂದು ದಿನ ನೋಡಿ ಹೇಳಿ. ಆ ವ್ಯಾಪಾರಿಗೆ ಯಾವ ದಿನ ಕೂಡಿ ಬಂತು?”

“ಮಾಘ ಬಹುಳ ಅಮಾವಾಸ್ಯೆ, ಮಂಗಳವಾರ, ರಾಹುಕಾಲ” ಎಂದರು ಗುರುಗಳು.