ಸಾಕಮ್ಮನ ಹಿತ್ತಲು, ಮುದ್ದವೀರನ ಕಾವಲು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ದೊಡ್ಡಮ್ಮ ಪುಟ್ಟಮಾದಮ್ಮನವರು. ಸಂಜೆ ದೀಪಕ್ಕೆ ಕೈ ಮುಗಿದು, ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಕೂತರೆಂದರೆ, ಕಾಯಿ ಸುಲಿಯುವ ಕೈ ನಿಂತರೂ ಕತೆ ಹೇಳುವ ಬಾಯಿ ನಿಲ್ಲುತ್ತಿರಲಿಲ್ಲ. ದೇವರು ನೆನಪು ಕೊಟ್ಟಷ್ಟನ್ನು ನಾನೂ ಹೇಳುತ್ತೇನೆ.

ಒಂದೂರಲ್ಲಿ ಸಾಕಮ್ಮ ಅಂತ ಒಬ್ಬ ತಾಯಿ. ಅವಳಿಗೊಬ್ಬನೇ ಮಗ, ಮುದ್ದವೀರ. ಆಳು ನೋಡಿದರೆ ಬಾಗಿಲ ಎತ್ತರ, ಬುದ್ಧಿ ನೋಡಿದರೆ ಹೊಸಿಲ ಎತ್ತರ. ಕೆಟ್ಟವನಲ್ಲ, ಸೋಮಾರಿಯಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ. ಅದೇ ತೊಂದರೆ!

ಇವನಿಗೊಂದು ಹೆಣ್ಣು ತರಬೇಕು ಅನ್ನುವುದೊಂದೇ ಸಾಕಮ್ಮನ ಕೊರಗು. ಕೊನೆಗೆ ಪಕ್ಕದ ಹಳ್ಳಿಯ ಬೆಟ್ಟೇಗೌಡರು, ತಮ್ಮ ಮಗಳು ಚಿಕ್ಕತಾಯಿಗಾಗಿ ಮನೆ ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಆ ಸೀಮೆಯಲ್ಲೊಂದು ಪದ್ಧತಿ. ಹೆಣ್ಣಿನ ಕಡೆಯವರು ಬಂದರೆ ಜಗುಲಿ ಹತ್ತುವುದಿಲ್ಲ, ನೀರು ಮುಟ್ಟುವುದಿಲ್ಲ, ನೆಟ್ಟಗೆ ಹಿತ್ತಲಿಗೆ ಹೋಗುತ್ತಾರೆ. ಹಿತ್ತಲು ಹಸಿರಾಗಿದ್ದರೆ ಮಗಳು ಹಸಿದಿರುವುದಿಲ್ಲ ಎಂದು ಅವರ ನಂಬಿಕೆ. ಸಾಕಮ್ಮ ಯೋಚಿಸಿದಳು: ‘ಇವನ ಬಾಯಿ ಹೇಗಾದರೂ ಮುಚ್ಚಿಸೋಣ. ಮಾತೆಲ್ಲ ಹಿತ್ತಲೇ ಆಡಲಿ.’

“ಲೋ ಮುದ್ದ! ಸೊಪ್ಪಿನ ಪಾತಿಗೆ ಬೆಳಗ್ಗೆ ಸಂಜೆ ನೀರು ಹಾಕು. ಏನೇ ಬರ್ಲಿ, ಒಂದೊತ್ತೂ ತಪ್ಪಿಸಬ್ಯಾಡ!”

“ಆಗ್ಲಿ ಕಣವ್ವ!”

ಸಂಜೆಗೆ ಮಳೆ ಬಂತು. ಎಂಥ ಮಳೆ! ಹಂಚಿನ ಮೇಲೆ ಕಲ್ಲು ಸುರಿದ ಹಾಗೆ. ಬೀದಿಯ ನಾಯಿಗಳೆಲ್ಲ ಸೂರಿನಡಿ ಸೇರಿದವು. ಮುದ್ದವೀರ ತಲೆಗೆ ಗೋಣಿಚೀಲ ಹೊದ್ದುಕೊಂಡು ಬಾವಿಯಿಂದ ಸೇದಿದ, ಹೊಯ್ದ. ಸೇದಿದ, ಹೊಯ್ದ. ಪಾತಿ ಒಡೆಯಿತು. ಕೀರೆಸೊಪ್ಪು, ದಂಟುಸೊಪ್ಪು ಎಲ್ಲ ತೇಲಿಕೊಂಡು ಬೀದಿಗೆ ಹೋದವು.

“ಅಯ್ಯೋ, ಏನೋ ಮಾಡ್ತಿದ್ದೀಯ?”

“ನೀರು ಹಾಕ್ತಿದ್ದೀನಿ ಕಣವ್ವ! ಏನೇ ಬರ್ಲಿ ಅಂದಿದ್ದೆ, ಮಳೆ ಬಂತು!”

“ನಿನ್ ಬುದ್ಧಿಗೆ ಮಣ್ಣು ಬೀಳ! ಮಳೆ ಬಂದ್ರೆ ಕೊಡ ಮಡಗಿ, ಎಳೆ ಸಸಿ ಮೇಲೆ ಮಂಕರಿ ಬುಟ್ಟಿ ಕವುಚಿ, ಕಲ್ಲು ಹೇರಿ, ಸುಮ್ನೆ ಒಳಕ್ಕೆ ಬರಬೇಕು. ಸೊಪ್ಪು ಹೋಯ್ತು, ಬದನೆ ಸಸಿಯಾದ್ರೂ ಉಳೀಲಿ. ಸಸಿ ಮೇಲೆ ಏನೇ ಬಂದ್ರೂ ಮಂಕರಿ ಮುಚ್ಚು!”

“ಆಗ್ಲಿ ಕಣವ್ವ!”

ಮಳೆ ನಿಂತಿತು. ಮರುದಿನ ಬಿಸಿಲು ಬಿತ್ತು. ತೇವಕ್ಕೆ ಬಸವನಹುಳಗಳು ಎದ್ದವು. ಬೇಲಿ ಬುಡದಿಂದ ಒಂದೊಂದಾಗಿ ತೆವಳಿಕೊಂಡು ಬಂದು ಬದನೆ ಸಸಿ ಹತ್ತಿದವು. ಮುದ್ದವೀರ ಕಂಡ. ಓಡಿದ. ಮಂಕರಿ ಕವುಚಿದ. ಕಲ್ಲು ಹೇರಿದ. ಒಳಗೆ ಬಂದು ಮಲಗಿದ. ಬಸವನಹುಳಕ್ಕೆ ಅದಕ್ಕಿಂತ ಸುಖ ಬೇಕೆ? ಮೇಲೆ ಸೂರು, ಮುಂದೆ ಎಲೆ, ಕಾಗೆಯ ಭಯವಿಲ್ಲ, ಬಿಸಿಲ ಕಾಟವಿಲ್ಲ! ಸಂಜೆ ಸಾಕಮ್ಮ ಮಂಕರಿ ಎತ್ತಿದರೆ ಬರೀ ಕಡ್ಡಿ.

“ಲೋ! ತಿನ್ನೋಕೆ ಬಂದೋರಿಗೆ ಮನೆ ಕಟ್ಟಿಕೊಟ್ಯಲ್ಲೋ!”

“ನೀನೇ ಮುಚ್ಚು ಅಂದೆ ಕಣವ್ವ!”

“ಅಯ್ಯೋ ನನ್ನ ಕರ್ಮವೇ! ನಮ್ಮ ಗಿಡಕ್ಕೆ ಬಾಯಿ ಇಟ್ಟೋರು, ಕೈ ಇಟ್ಟೋರು ಯಾರೇ ಇರ್ಲಿ, ಎತ್ತಿ ಬೇಲಿ ಆಚೆ ಒಗೀಬೇಕು!”

“ಆಗ್ಲಿ ಕಣವ್ವ!”

ಮಾರನೆಯ ಬೆಳಗ್ಗೆ ಹನುಮಪ್ಪನ ಗುಡಿಯ ಪೂಜಾರಿ ತಿರುಮಲಯ್ಯನವರು ಮಡಿಯುಟ್ಟು ಹೂಬುಟ್ಟಿ ಹಿಡಿದು ಬಂದರು. ದೇವರಿಗೆ ಹೂ ಬಿಡಿಸುವವರು ಯಾರ ಹಿತ್ತಲಿಗೆ ಹೋದರೂ ಕೇಳುವ ಪರಿಪಾಠ ಹಳ್ಳಿಯಲ್ಲಿಲ್ಲ. ಕೆಂಪು ದಾಸವಾಳದ ಗಿಡಕ್ಕೆ ಕೈ ಇಟ್ಟರು. ಅಷ್ಟೇ! ಹಿಂದಿನಿಂದ ಎರಡು ತೋಳು ಬಂದು ಸೊಂಟ ಹಿಡಿದವು.

“ಏಯ್! ಏಯ್! ಬಿಡೋ! ಮಡಿ ಕಣೋ, ಮಡಿ!”

“ಅದೆಲ್ಲ ನಂಗೊತ್ತಿಲ್ಲ ಬುದ್ಧಿ! ಗಿಡಕ್ಕೆ ಕೈ ಇಟ್ರಿ!”

“ದೇವರಿಗೆ ಕಣೋ!”

“ಅವ್ವ ಯಾರೇ ಇರ್ಲಿ ಅಂದವ್ಳೆ!”

ಪೂಜಾರಿಗಳು ಬೇಲಿಯ ಮೇಲಿನಿಂದ ಹಾರಿ ಆಚೆಯ ತಿಪ್ಪೆಗೆ ಬಿದ್ದರು. ಪುಣ್ಯವಂತರು, ಹೂಬುಟ್ಟಿ ಮಾತ್ರ ಕೈಬಿಡಲಿಲ್ಲ. ಸಾಕಮ್ಮ ಎದೆ ಬಡಿದುಕೊಂಡು ಓಡಿಬಂದು ಕಾಲಿಗೆ ಬಿದ್ದಳು.

“ಹೋಗ್ಲಿ ಬಿಡಮ್ಮ,” ಅಂದರು ಅವರು ಸಗಣಿ ಒರೆಸಿಕೊಳ್ಳುತ್ತಾ. “ತಿಪ್ಪೆ ಮೆತ್ತಗಿತ್ತು. ಹನುಮಪ್ಪ ದೊಡ್ಡವನು.”

ಅವರು ಹೋದ ಮೇಲೆ ಸಾಕಮ್ಮ ಮಗನ ಕಿವಿ ಹಿಂಡಿದಳು. “ಹನುಮಪ್ಪನ ಕಡೆಯೋರನ್ನ ಎತ್ತಿ ಒಗೆದ್ಯಲ್ಲೋ ಪಾಪಿ! ಹನುಮಪ್ಪನ ಕಡೆಯೋರು ಬಂದ್ರೆ ಚಾಪೆ ಹಾಸಿ, ಚೊಂಬಲ್ಲಿ ನೀರು ಕೊಟ್ಟು, ಕೈ ಮುಗಿದು, ‘ಎಲ್ಲಾ ನಿಮ್ದೇ, ತಗೊಳ್ಳಿ’ ಅನ್ನಬೇಕು!”

“ಆಗ್ಲಿ ಕಣವ್ವ!”

ಮಧ್ಯಾಹ್ನ ಸಾಕಮ್ಮ ಹಿಟ್ಟು ಬೀಸಿಸಲು ಹೋದಳು. ಅವಳ ಬೆನ್ನಿಗೇ ಹುಣಸೆಮರದಿಂದ ಕೋತಿಗಳ ಹಿಂಡು ಇಳಿಯಿತು. ಹನುಮಪ್ಪನ ಕಡೆಯವರು! ಇವರಿಗಿಂತ ಹತ್ತಿರದವರು ಇನ್ಯಾರು? ಮುದ್ದವೀರ ಓಡಿಹೋಗಿ ಚಾಪೆ ಹಾಸಿದ. ಚೊಂಬಲ್ಲಿ ನೀರಿಟ್ಟ. ಕೈ ಮುಗಿದ. “ಬನ್ನಿ ಬುದ್ಧಿ! ಕೂತ್ಕಳಿ ಬುದ್ಧಿ! ಎಲ್ಲಾ ನಿಮ್ದೇ ಬುದ್ಧಿ!”

ಕೂರಲು ಅವಕ್ಕೆ ಪುರಸೊತ್ತೆಲ್ಲಿ? ಅವರೆ ಹೋಯಿತು, ಸೌತೆ ಹೋಯಿತು, ಸೀಬೆಯ ಪೀಚೂ ಹೋಯಿತು. ಎತ್ತರದ ಕಾಯಿ ಸಿಗದೆ ಒದ್ದಾಡುತ್ತಿದ್ದ ಮರಿಗೆ ಮುದ್ದವೀರನೇ ಕೊಂಬೆ ಬಗ್ಗಿಸಿ ಕೊಟ್ಟ.

ಸಾಕಮ್ಮ ಬಂದು ನೋಡಿ ಅಲ್ಲೇ ಕುಸಿದು ಕೂತಳು.

“ತುಂಬ ಸಂತೋಷಪಟ್ರು ಕಣವ್ವ! ಒಬ್ರಂತೂ ಚೊಂಬನ್ನೂ ತಗೊಂಡೋದ್ರು!”

ಹಿತ್ತಲಲ್ಲಿ ಇನ್ನು ಉಳಿದದ್ದು ಹಾಗಲದ ಚಪ್ಪರ ಒಂದೇ. ಕಹಿಯೆಂದು ಕೋತಿಯೂ ಬಿಟ್ಟದ್ದು. ನಾಳೆ ಬೆಳಗಾದರೆ ಬೀಗರು!

“ಕೇಳೋ ಮುದ್ದ,” ಅಂದಳು ಅಳುತ್ತಾ. “ಇನ್ನೊಂದ್ಸಲ ಹಿತ್ತಲಿಗೆ ಗುಂಪು ಅಂತ ಕಾಲಿಟ್ರೆ, ಹರಕಂಗಿ ಹಾಕ್ಕೊಂಡು, ಮೊಕಕ್ಕೆ ಮಸಿ ಬಳ್ಕೊಂಡು, ಕೈ ಎರಡೂ ಚಾಚಿ ಬೆದರುಬೊಂಬೆ ಥರ ನಿಂತ್ಕೊ. ನಾನೇ ಒಳಗಿಂದ ಕೂಗಿದ್ರೂ ಕದಲಬ್ಯಾಡ. ಎಲ್ಲಾ ಹಾಳಾಗಿದ್ದು ಆ ಬಾಯಿಂದ್ಲೇ. ಬಾಯಿ ಬುಡಲೇಬ್ಯಾಡ!”

“ಆಗ್ಲಿ ಕಣವ್ವ!”

ಮಾರನೆಯ ದಿನ ಬೆಟ್ಟೇಗೌಡರು ತಮ್ಮನನ್ನೂ ತಂಗಿಯನ್ನೂ ಕರೆದುಕೊಂಡು ಗಾಡಿ ಕಟ್ಟಿಕೊಂಡು ಬಂದರು. ಪದ್ಧತಿಯಂತೆ ನೆಟ್ಟಗೆ ಹಿತ್ತಲಿಗೆ ನಡೆದರು. ಹಾಗಲದ ಚಪ್ಪರ ತುಂಬಿ ತೂಗುತ್ತಿತ್ತು. ಅದರ ಪಕ್ಕದಲ್ಲಿ ಬೆದರುಬೊಂಬೆ.

“ಹಾಗಲ ಚೆನ್ನಾಗದೆ,” ಅಂದರು ಗೌಡರು. “ಎಲ್ಲಿ, ಹುಡುಗನ್ನ ಕರೀರಿ.”

ಸಾಕಮ್ಮ ಬೊಂಬೆಯ ಕಡೆ ನೋಡಿದಳು. ಮಸಿಯ ನಡುವೆ ಎರಡು ಕಣ್ಣು ಪಿಳಿಪಿಳಿ ಅಂದವು.

“ಹುಡುಗ... ಎಲೆ ಅಡಿಕೆ ತರೋಕೆ ಹೋಗವ್ನೆ.”

ಕಾದರು. ಬಿಸಿಲು ಇಳಿಯಿತು, ಹುಡುಗ ಬರಲಿಲ್ಲ. ಸಾಕಮ್ಮ ಬೊಂಬೆಯ ಹಿಂದೆ ಸುಳಿದು ಚಿವುಟಿದಳು. “ಹೋಗಿ ಮೊಕ ತೊಳ್ಕೊಂಡು ಬಾರೋ!” ಬೊಂಬೆ ಕದಲಲಿಲ್ಲ. ಅವ್ವ ಕೂಗಿದರೂ ಕದಲಬಾರದೆಂದು ಅವ್ವನೇ ಹೇಳಿದ್ದಳು.

ಕೊನೆಗೆ ಗೌಡರು ಎದ್ದರು. “ಹುಡುಗನ್ನ ನೋಡದೆ ಮಾತು ಹೆಂಗೆ ಕೊಡಾದು ಸಾಕಮ್ಮ? ಮುಂದೆ ನೋಡಾನ. ಆದ್ರೆ ಒಂದು ಕೇಳ್ತೀನಿ, ಇಲ್ಲ ಅನ್ನಬ್ಯಾಡ. ನಮ್ಮ ನವಣೆ ಹೊಲಕ್ಕೆ ಗುಬ್ಬಿ ಕಾಟ. ಈ ಬೊಂಬೆ ಕೊಟ್ಬುಡು.”

ಇಲ್ಲವೆನ್ನಲು ಕಾರಣವಿಲ್ಲ, ಇವನೇ ಮಗನೆನ್ನಲು ಮುಖವಿಲ್ಲ. ಸಾಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಅಣ್ಣ ತಮ್ಮ ಇಬ್ಬರೂ ಸೇರಿ ಬೊಂಬೆಯನ್ನು ಎತ್ತಿ ಗಾಡಿಗೆ ಹಾಕಿದರು.

“ಅಬ್ಬಬ್ಬಾ, ಏನು ಭಾರ! ಒಳಗೆ ಏನು ತುಂಬಿದ್ದೀಯಮ್ಮ?”

‘ಇಷ್ಟು ವರ್ಷದ ಮುದ್ದೆ ತುಂಬಿದ್ದೀನಪ್ಪ,’ ಅಂದುಕೊಂಡಳು ಸಾಕಮ್ಮ. ಅಳಿಯನಾಗಿ ಹೋಗಲೆಂದು ಹರಸಿಕೊಂಡ ಮನೆಗೆ ಮಗ ಬೆದರುಬೊಂಬೆಯಾಗಿ ಹೋದ!

ಮಾರನೆಯ ಮಧ್ಯಾಹ್ನ ಚಿಕ್ಕತಾಯಿ ಆಳುಗಳಿಗೆ ಊಟ ಹೊತ್ತು ಹೊಲಕ್ಕೆ ಬಂದಳು. ಬೊಂಬೆಯ ಮುಂದೆ ಹಾದುಹೋಗುವಾಗ ಬೊಂಬೆಯ ಹೊಟ್ಟೆ ಗುರ್ರೆಂದಿತು.

“ಯಾರು ನೀನು?”

ಸದ್ದಿಲ್ಲ.

“ಬೊಂಬೆಯೋ? ಮನುಷ್ಯನೋ?”

ಸದ್ದಿಲ್ಲ.

“ಹಸಿವಾ?”

“ಮಾತಾಡಬ್ಯಾಡ ಅಂತ ಅವ್ವ ಹೇಳವ್ಳೆ!”

“ಯಾವ ಅವ್ವ?”

“ಸಾಕಮ್ಮ!”

ಚಿಕ್ಕತಾಯಿ ನಕ್ಕಳು ನೋಡಿ, ಹೊಲದಲ್ಲಿದ್ದ ಗುಬ್ಬಿಯೆಲ್ಲ ಒಂದೇ ಸಲಕ್ಕೆ ಎದ್ದು ಹಾರಿದವು. “ಸರಿ, ಮಾತಾಡಬ್ಯಾಡ. ಬಾಯಿ ಮಾತ್ರ ತೆಗಿ,” ಎಂದು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತುತ್ತು ತುತ್ತಾಗಿ ತಿನ್ನಿಸಿದಳು.

ಸಂಜೆ ಅಪ್ಪನ ಮುಂದೆ ನಿಂತಳು. “ಅಪ್ಪಾ, ನೀವು ನೋಡೋಕೆ ಹೋದ ಹುಡುಗನ್ನೇ ಗಾಡೀಲಿ ಹೇರ್ಕೊಂಡು ಬಂದಿದ್ದೀರಿ.”

ಗೌಡರು ಬೆಪ್ಪಾದರು. “ಅಂಥ ಪೆದ್ದ ನಿಂಗೆ ಬೇಕಾ ಮಗಾ?”

“ಹಸಿದು ಸಾಯ್ತಿದ್ರೂ ಅವ್ವನ ಮಾತು ಮೀರಲಿಲ್ಲ. ನಾಳೆ ನನ್ನ ಮಾತೂ ಮೀರಾಕಿಲ್ಲ. ಬುದ್ಧಿ ನನ್ನ ಹತ್ರ ಅದೆ, ಇಬ್ರಿಗೂ ಆಯ್ತದೆ.”

ಲಗ್ನ ಗೊತ್ತಾಯಿತು. ಮದುವೆಯ ದಿನ ಸಾಕಮ್ಮ ಎಚ್ಚರ ಹೇಳಿದಳು: “ಮಸಿ ಬ್ಯಾಡ! ಹರಕಂಗಿ ಬ್ಯಾಡ!” ಮುದ್ದವೀರ ಮುಖ ತೊಳೆದ, ಹೊಸ ಅಂಗಿ ತೊಟ್ಟ. ಆದರೆ ಕೈಯ ವಿಷಯ ಅವಳು ಹೇಳಲಿಲ್ಲ. ಮುಹೂರ್ತಕ್ಕೆ ಎರಡೂರಿನ ಜನ ಗುಂಪಾಗಿ ಗೌಡರ ಹಿತ್ತಲಲ್ಲಿ ಹಾಕಿದ್ದ ಮದುವೆ ಚಪ್ಪರದೊಳಗೆ ನುಗ್ಗಿದ್ದೇ ತಡ, ಮದುಮಗ ಎದ್ದು ಎರಡೂ ಕೈ ಚಾಚಿ ಮರಗಟ್ಟಿ ನಿಂತುಬಿಟ್ಟ! ಓಲಗದವರು ಗಟ್ಟಿಮೇಳ ಊದಿದರು. ಅಕ್ಷತೆ ಬಿತ್ತು. ಪುರೋಹಿತರು “ಕಟ್ಟಪ್ಪ, ಕಟ್ಟು” ಎಂದರು. ಕೈ ಕದಲಲಿಲ್ಲ.

“ಲೋ ಮುದ್ದ!” ಎಂದು ಸಾಕಮ್ಮ ಕಿರುಚಿದಳು. “ಇನ್ಮೇಲೆ ನನ್ನ ಮಾತು ಕೇಳಬ್ಯಾಡ ಕಣೋ! ಅವಳ ಮಾತು ಕೇಳು!”

ಚಿಕ್ಕತಾಯಿ ಎದ್ದಳು. ಚಾಚಿದ ಕೈಗಳ ನಡುವೆ ತಾನೇ ಹೋಗಿ ನಿಂತು, ತಾಳಿಯನ್ನು ಕೊರಳಿಗಿಟ್ಟುಕೊಂಡು ಮೆಲ್ಲಗೆ ಅಂದಳು: “ದಾರ ಹಿಡ್ಕೊ. ಬಿಗಿಯಾಗಿ ಗಂಟು ಹಾಕು. ಕೈ ಬುಡಬ್ಯಾಡ.”

ಹಿಡಿದ. ಗಂಟು ಹಾಕಿದ. ಕೈ ಬಿಡಲಿಲ್ಲ.

ಸಪ್ತಪದಿಗೂ ಬಿಡಲಿಲ್ಲ. ಊಟದ ಪಂಕ್ತಿಯಲ್ಲೂ ಬಿಡಲಿಲ್ಲ, ಅವಳೇ ತಿನ್ನಿಸಬೇಕಾಯಿತು. ಗಾಡಿ ಹತ್ತುವಾಗಲೂ, ಸೇರು ಒದ್ದು ಹೊಸಿಲು ದಾಟುವಾಗಲೂ, ಮುಂದೆ ಚಿಕ್ಕತಾಯಿ, ಹಿಂದೆ ಅವಳ ಕುತ್ತಿಗೆಯ ಗಂಟು ಹಿಡಿದುಕೊಂಡ ಮುದ್ದವೀರ!

ಕೇಳಿದಿರಲ್ಲ, ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಕಳೆ ಕೀಳುವಾಗ ಪಕ್ಕದ ಹಿತ್ತಲಿನವರಿಗೂ ಹೇಳಿ. ಬೇಕಾದರೆ ಒಂದೆರಡು ಮಾತು ಸೇರಿಸಿ, ದೋಷವಿಲ್ಲ. ಆದರೆ ಆ ಕೈ ಮಾತ್ರ ಬಿಡಿಸಬೇಡಿ.